ಸಿನಿಮಾದಲ್ಲಿ ನನ್ನ ಲಕ್ ಸರಿ ಇಲ್ಲ ಅಂತಾರೆ. ದೊಡ್ಡ ಗುರು ಸಿಗೋವರೆಗೆ ಕಾಯಲಾ, ಬಿಟ್ಟುಬಿಡಲಾ?

ಕ್ಯಾಮೆರಾ ಅಸಿಸ್ಟೆಂಟ್ ಆಗಿ ಮಾಡಿದ ಎರಡು ಸಿನಿಮಾನೂ ಅರ್ಧಕ್ಕೆ ನಿಂತವು, ಈಗ ಯೂನಿಟ್‌ನವರು ನಿಮ್ಮ ಕಾಲ್ಗುಣದ ಬಗ್ಗೆ ಮಾತಾಡ್ತಾರೆ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ಈ ಕಾಲ್ಗುಣದ ಮಾತು ಹೇಗೆ ಹುಟ್ಟುತ್ತದೆ ಅಂತ ನನಗೆ ಗೊತ್ತು. ಒಬ್ಬಳು ಹುಡುಗಿಯ ಮೇಲೆ ಅದು ಬಿದ್ದಿದ್ದು ನನ್ನಿಂದ.

ಹೆಸರಘಟ್ಟದ ಸರ್ಕಾರಿ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಮುಗಿಸಿ ನಾನು ಗಾಂಧಿನಗರಕ್ಕೆ ಬಂದಾಗ ಡಿಜಿಟಲ್ ಬಂದಿರಲಿಲ್ಲ, ಇನ್ನೂ ಫಿಲ್ಮ್ ನೆಗೆಟಿವ್ ಕಾಲ. ನನಗೂ ನಿಮ್ಮದೇ ಹಂಬಲ. ಹೆಸರಿರುವ ಕ್ಯಾಮೆರಾಮನ್ ಒಬ್ಬರ ಕೈಕೆಳಗೆ ಸೇರಿಬಿಟ್ಟರೆ ಸಾಕು, ಮಿಕ್ಕಿದ್ದು ತಾನಾಗಿ ಆಗುತ್ತೆ ಅಂತ ನಂಬಿದ್ದೆ. ಸೇರಿಯೂ ಸೇರಿದೆ. ಪರಿಚಯದವರೊಬ್ಬರು ಒಂದು ಮಾತು ಹೇಳಿದರು, ಅದೇ ವಾರ ಅವರ ಹಳೇ ಅಸಿಸ್ಟೆಂಟ್ ಕೆಲಸ ಬಿಟ್ಟಿದ್ದ. ಅಷ್ಟರಮಟ್ಟಿಗೆ ಅದು ಲಕ್ಕೇ, ನಾನು ಇಲ್ಲ ಅನ್ನೋಲ್ಲ.

ಆದರೆ ದೊಡ್ಡವರಿಗೆ ಕಲಿಸೋಕೆ ಪುರುಸೊತ್ತು ಎಲ್ಲಿರುತ್ತೆ? ಬೆಳಕು ಜಾರುತ್ತಿರುತ್ತದೆ. ನಿರ್ದೇಶಕರು ಇನ್ನೊಂದು ಶಾಟ್ ಕೇಳುತ್ತಿರುತ್ತಾರೆ. ಹೀರೋ ಕಾಲ್‌ಶೀಟ್ ಮುಗಿಯುತ್ತಿರುತ್ತದೆ. ನಮ್ಮ ಸರ್ ಒಳ್ಳೆಯವರು. ಆದರೂ ಅವರು ನನ್ನ ಹತ್ತಿರ ಆಡುತ್ತಿದ್ದ ಮಾತು ಅಂದ್ರೆ ಲೆನ್ಸ್ ನಂಬರ್, ಫಿಲ್ಟರ್, ಕ್ಯಾಮೆರಾಕ್ಕೆ ಫಿಲ್ಮ್ ಹಾಕುವ ಮ್ಯಾಗಜಿನ್, ಅಷ್ಟೇ.

ನನಗೆ ಕೆಲಸ ಕಲಿಸಿದ್ದು ಕ್ಯಾಮೆರಾ ಬಾಡಿಗೆಗೆ ಕೊಡುವ ಔಟ್‌ಡೋರ್ ಯೂನಿಟ್‌ನಿಂದ ಕ್ಯಾಮೆರಾ ಜೊತೆಗೆ ಬರುತ್ತಿದ್ದ ಅಟೆಂಡರ್. ಚೆನ್ನೈನವರು. ಕನ್ನಡ, ತಮಿಳು ಬೆರೆಸಿ ಮಾತಾಡೋರು. ಎಲ್ಲರೂ ಅಣ್ಣ ಅನ್ನುತ್ತಿದ್ದರು, ಅವರು ನನ್ನನ್ನು ತಂಬಿ ಅನ್ನೋರು. ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರಾತ್ರಿ ಲಾಡ್ಜಿನಲ್ಲಿ ಊಟ ಆದ ಮೇಲೆ ರೂಮಿನ ಲೈಟ್ ಆರಿಸಿ, ಕೆಟ್ಟುಹೋದ ಒಂದು ರೋಲನ್ನು ನನ್ನ ಕೈಗೆ ಕೊಡೋರು. ಕತ್ತಲಲ್ಲೇ ಮ್ಯಾಗಜಿನ್‌ಗೆ ಲೋಡ್ ಮಾಡಬೇಕು, ಕತ್ತಲಲ್ಲೇ ತೆಗೆಯಬೇಕು. ಫಿಲ್ಮಿನ ಅಂಚು ಮಾತ್ರ ಮುಟ್ಟಬೇಕು. ತೆಗೆದ ರೋಲನ್ನು ಕಪ್ಪು ಕವರಿಗೆ ಹಾಕಿ, ಕವರಿನ ಬಾಯಿ ಮಡಚಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಬೇಕು. ಆಮೇಲೆ ಹೆಬ್ಬೆರಳನ್ನು ಮುಚ್ಚಳದ ಅಂಚಿನ ಮೇಲೆ ಒಂದು ಸುತ್ತು ಓಡಿಸಬೇಕು. ಎಲ್ಲಾದರೂ ಎದ್ದಿದ್ದರೆ ಬೆರಳಿಗೆ ಗೊತ್ತಾಗುತ್ತೆ. ಫಿಲ್ಮಿಗೆ ಬೆಳಕು ತಗುಲಿದರೆ ಹಾಳು, ಅದಕ್ಕೇ ಸೆಟ್‌ನಲ್ಲಿ ಇದನ್ನೆಲ್ಲ ಚೇಂಜಿಂಗ್ ಬ್ಯಾಗ್ ಅನ್ನೋ ಕಪ್ಪು ಚೀಲದೊಳಗೆ ಕೈ ತೂರಿಸಿ ಮಾಡಬೇಕು. ಟೇಪ್ ಸುತ್ತೋವರೆಗೂ ಕೈ ಹೊರಗೆ ಬರಬಾರದು. "ಸೆಟ್‌ನಲ್ಲಿ ದೇವರೇ ಕೂಗಿದರೂ ಕೈ ಬ್ಯಾಗಿನಲ್ಲೇ ಇರಲಿ ತಂಬಿ" ಅನ್ನೋರು. ಈಗ ಮೆಮೊರಿ ಕಾರ್ಡಿನಲ್ಲಿ ಶೂಟ್ ಮಾಡುವ ನಿಮಗೆ ಇದೆಲ್ಲ ಅತಿ ಅನಿಸಬಹುದು. ಆಗ 400 ಅಡಿಯ ಒಂದು ರೋಲ್ ನಿಮಿಷಕ್ಕೆ 90 ಅಡಿ ಲೆಕ್ಕದಲ್ಲಿ ನಾಲ್ಕೂವರೆ ನಿಮಿಷಕ್ಕೆ ಮುಂಚೆಯೇ ಮುಗಿಯುತ್ತಿತ್ತು. ಅದರ ಮೇಲೆ ಬಿದ್ದಿದ್ದೇನು ಅಂತ ಲ್ಯಾಬಿಗೆ ಹೋಗಿ ಬರುವವರೆಗೆ ಯಾರೂ ನೋಡೋ ಹಾಗಿರಲಿಲ್ಲ.

ಶ್ರೀರಂಗಪಟ್ಟಣದ ಹತ್ತಿರ ಮಹದೇವಪುರದಲ್ಲಿ ಕಾವೇರಿ ದಡದ ಮೇಲೆ ಶೂಟಿಂಗ್. ಹೊಸ ಹೀರೋಯಿನ್. ಅವಳ ಮೊದಲ ಸಿನಿಮಾ, ಅವತ್ತೇ ಮೊದಲ ದಿನ. ಸಂಜೆ ಬಿಸಿಲು ಹಿಂದಿನಿಂದ ಬರುವಾಗ ಅವಳು ನೀರಲ್ಲಿ ನಡೆದು ಬರುವ ಶಾಟ್. ಚಿತ್ರದಲ್ಲಿ ಅವಳ ಮುಖ ಮೊದಲು ಕಾಣೋದೇ ಅಲ್ಲಿ. ಸೊಗಸಾಗಿ ಬಂತು. ದಡದಲ್ಲಿದ್ದ ಲೈಟ್ ಹುಡುಗರು ಚಪ್ಪಾಳೆ ತಟ್ಟಿದರು.

ರೋಲ್ ಮುಗಿಯಿತು. ನಾನು ಮರದ ಕೆಳಗೆ ಕೂತು ಚೇಂಜಿಂಗ್ ಬ್ಯಾಗಿಗೆ ಕೈ ತೂರಿಸಿದೆ. ರೋಲ್ ಕವರಿಗೆ ಹಾಕಿದೆ, ಡಬ್ಬಿಗಿಟ್ಟೆ. ಅಷ್ಟರಲ್ಲಿ ಇನ್ನೊಂದು ಶಾಟಿಗೆ ಬೆಳಕಿದೆ, ಬೇಗ ಬೇಗ ಅಂತ ಕೂಗು. ಗಾಬರಿಯಲ್ಲಿ ಮುಚ್ಚಳ ಒತ್ತಿ ಬಲಗೈ ಎಳೆದುಕೊಂಡೆ. ಎಡಗೈಗೆ ಆಗ ಗೊತ್ತಾಯಿತು, ಮುಚ್ಚಳ ವಾರೆಯಾಗಿ ಕೂತಿದೆ. ಕವರಿನ ಬಾಯಿ ಮಡಚೇ ಇರಲಿಲ್ಲ. ತಕ್ಷಣ ಕೈ ಒಳಗೆ ಹಾಕಿ ಸರಿ ಮಾಡಿದೆ. ಎಷ್ಟು ಹೊತ್ತು ತೋಳಿನ ಸಂದಿಯಿಂದ ಬೆಳಕು ಹೋಯಿತೋ, ಒಂದೆರಡು ಕ್ಷಣ ಇರಬಹುದು. ತೆಗೆದ ರೋಲಿನಲ್ಲಿ ಹೊರಗಿನ ಸುತ್ತು ಅಂದ್ರೆ ಕೊನೆಯ ಶಾಟ್. ಅಂದ್ರೆ ಅವಳ ಶಾಟ್.

ಅಣ್ಣ ನೋಡಿದ್ದರು. ಪ್ಯಾಕಪ್ ಆದ ಮೇಲೆ ಕ್ಯಾಮೆರಾ ಕ್ರೇನ್ ಜಿಮ್ಮಿ ಜಿಬ್ ಬಿಚ್ಚುವ ಗದ್ದಲದಲ್ಲಿ ಹತ್ತಿರ ಬಂದು ಹೇಳಿದರು. "ಸರ್‌ಗೆ ಈಗಲೇ ಹೇಳಿಬಿಡು ತಂಬಿ. ನಾಳೆ ಸಂಜೆವರೆಗೂ ಇಲ್ಲೇ ಇರ್ತೀವಿ. ಆ ಹುಡುಗಿನೂ ಇರ್ತಾಳೆ. ಇದೇ ಬೆಳಕು ನಾಳೆನೂ ಬರುತ್ತೆ."

ಹೇಳಲಿಲ್ಲ. ನನ್ನ ಜೀವನ ಕೆಟ್ಟಿದ್ದು ಇಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ರೋಲಿಗೆ ಬೆಳಕು ತಗುಲಿದ್ದನ್ನು ನಾನು ದೊಡ್ಡ ತಪ್ಪು ಅನ್ನೋದಿಲ್ಲ. ಆ ಕಾಲದ ಯಾವ ಅಸಿಸ್ಟೆಂಟನ್ನು ಕೇಳಿದರೂ ಅಂಥ ಒಂದು ರೋಲಿನ ಕಥೆ ಇರುತ್ತದೆ. ಹೇಳದೆ ಉಳಿದದ್ದು ಬೇರೆ ವಿಷಯ. ಮೊದಲು ನನಗೆ ನಾನೇ, ಏನೂ ಆಗಿರಲ್ಲ ಬಿಡು ಅಂದುಕೊಂಡೆ. ರಾತ್ರಿ ಊಟದಲ್ಲಿ ಸರ್ ಖುಷಿಯಾಗಿದ್ದರು, ಆ ಶಾಟನ್ನು ನಿರ್ದೇಶಕರಿಗೆ ವರ್ಣಿಸುತ್ತಿದ್ದರು. ಆಗ ಹೇಳೋದು ಹೇಗೆ ಅನಿಸಿತು. ಬೆಳಗ್ಗೆ ಹೇಳೋಣ ಅಂದುಕೊಂಡೆ. ಬೆಳಗ್ಗೆ ಎದ್ದಾಗ, ರಾತ್ರಿನೇ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಅನ್ನುವ ಇನ್ನೊಂದು ಭಯ ಸೇರಿತು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಗಳು ಚೆನ್ನೈಗೆ ಹೊರಟಿದ್ದವು. ಆ ಸಂಜೆಯೂ ಅದೇ ಬಿಸಿಲು ಬಂತು. ಅವಳು ಕುರ್ಚಿ ಹಾಕ್ಕೊಂಡು ಸುಮ್ನೆ ಕೂತಿದ್ದಳು. ನಾನು ಅಣ್ಣನ ಕಡೆ ನೋಡದೆ ಟ್ರೈಪಾಡ್ ಒರೆಸುತ್ತಿದ್ದೆ.

ಲ್ಯಾಬಿನಿಂದ ಸುದ್ದಿ ಬಂದಾಗ ನಾವು ಬೆಂಗಳೂರಿನಲ್ಲಿದ್ದೆವು. ಸರ್ ನನ್ನನ್ನು ಕರೆದು ಒಂದೇ ಮಾತು ಕೇಳಿದರು. "ಲೋಡಿಂಗಲ್ಲಿ ಏನಾದ್ರೂ ಆಗಿತ್ತೇನೋ?" ನಾನು "ಇಲ್ಲ ಸರ್" ಅಂದೆ. ಅವರು ನಂಬಿದರು. ನನ್ನ ಪರವಾಗಿ ಫೋನಿನಲ್ಲಿ ಲ್ಯಾಬಿನವರ ಜೊತೆ ಜಗಳ ಆಡಿದರು. ಲ್ಯಾಬಿನವರು ತಮ್ಮದೇನೂ ತಪ್ಪಿಲ್ಲ ಅಂದರು. ಅಲ್ಲಿಗೆ ಆ ಶಾಟ್ ಹಾಳಾಗಿದ್ದಕ್ಕೆ ಕಾರಣವೇ ಇಲ್ಲ ಅಂತಾಯಿತು.

ಕಾರಣ ಇಲ್ಲ ಅಂದರೆ ಸಿನಿಮಾದವರು ಸುಮ್ಮನಿರುವುದಿಲ್ಲ. ರೀಶೂಟಿಗೆ ಹೋಗೋಣ ಅಂದರೆ ಅಷ್ಟರಲ್ಲಿ ಮಳೆಗಾಲ, ಹೊಳೆಯಲ್ಲಿ ನೀರು ಏರಿತ್ತು. ಶೆಡ್ಯೂಲ್ ಮುಂದೆ ಹೋಯಿತು. ಹೀರೋ ಡೇಟ್ಸ್ ಬೇರೆ ಚಿತ್ರಕ್ಕೆ ಹೋದವು. ಫೈನಾನ್ಸಿಯರ್ ಬಡ್ಡಿ ಬೆಳೆಯಿತು. ಒಂದು ದಿನ ಮ್ಯಾನೇಜರ್ ಕಾಫಿ ಕುಡಿಯುತ್ತಾ ಅಂದರು, ಆ ಹುಡುಗಿ ಕಾಲಿಟ್ಟ ಮೊದಲ ದಿನವೇ ನೆಗೆಟಿವ್ ಹೋಯ್ತಲ್ಲ ಅಂತ. ಅಷ್ಟೇ ಸಾಕಾಯಿತು. ಐರನ್ ಲೆಗ್ ಅನ್ನೋ ಮಾತು ಬಂತು. ಹೋಮ ಆಯಿತು, ಕ್ಯಾಮೆರಾಕ್ಕೆ ನಿಂಬೆಹಣ್ಣು ಕಟ್ಟಿದರು. ಚಿತ್ರ ಹೇಗೋ ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆಯುವ ಹಂತಕ್ಕೆ ಬಂದು, ಬಿಡುಗಡೆಯಾಗಿ, ಓಡಲಿಲ್ಲ. ಅದೇ ನಿರ್ಮಾಪಕರ ಮುಂದಿನ ಚಿತ್ರಕ್ಕೆ ಅವಳನ್ನೇ ಮಾತಾಡಿದ್ದರು. ಅದು ತಪ್ಪಿತು. ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ.

ಆಗ ಹೋಗಿ ಸರ್‌ಗೆ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ಅವತ್ತೇ ಹೇಳಿದ್ರೆ ಮಾರನೇ ದಿನ ಇನ್ನೊಂದು ರೋಲ್ ಹಾಕ್ತಿದ್ದೆ, ಅಷ್ಟೇ" ಅಂದರು. ಮ್ಯಾನೇಜರ್ ಹತ್ತಿರವೂ ಹೋದೆ. ಅವರು "ಈಗ್ಯಾಕಪ್ಪ ಅದೆಲ್ಲ" ಅಂತ ಮಾತು ಬದಲಿಸಿದರು. ಐರನ್ ಲೆಗ್ ಅಂದಿದ್ದ ಯಾರೂ ತಮ್ಮ ಮಾತು ವಾಪಸ್ ತಗೊಳ್ಳಲಿಲ್ಲ. ಸರ್ ತಮ್ಮ ಮುಂದಿನ ಚಿತ್ರಕ್ಕೆ ನನ್ನನ್ನು ಕರೆಯಲಿಲ್ಲ. ಅದಕ್ಕೂ ಮುಂದಿನದಕ್ಕೂ ಕರೆಯಲಿಲ್ಲ. ನಾನು ಬಯಸಿ ಬಯಸಿ ಪಡೆದ ದೊಡ್ಡ ಗುರು ಅಲ್ಲಿಗೆ ಮುಗಿದರು.

ಈಗ ನಿಮ್ಮ ಪ್ರಶ್ನೆಗೆ. ಕಾಯಲಾ, ಬಿಡಲಾ ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ನಿಮ್ಮ ಎರಡು ಸಿನಿಮಾ ಯಾಕೆ ನಿಂತವು ಅಂತ ನಿಮಗೆ ಗೊತ್ತಾ? ದುಡ್ಡು ನಿಂತಿತಾ, ಡೇಟ್ಸ್ ಕೆಟ್ಟವಾ, ಪಾಲುದಾರರು ಜಗಳ ಆಡಿದರಾ? ಕೇಳಿ ತಿಳ್ಕೊಳ್ಳಿ. ಲೆನ್ಸ್ ಬಾಕ್ಸ್ ಹೊರುವ ಹುಡುಗನ ಕಾಲ್ಗುಣಕ್ಕೆ ಸಿನಿಮಾ ನಿಲ್ಲೋದಿಲ್ಲ. ಯಾರಾದರೂ ನಿಮ್ಮೆದುರು ಲಕ್ ಮಾತೆತ್ತಿದರೆ ಆ ಕಾರಣವನ್ನು ಅಲ್ಲೇ, ಆ ಕ್ಷಣವೇ ಹೇಳಿ. ಮುಲಾಜು ಬೇಡ. ನಮ್ಮಲ್ಲಿ ಅಸಿಸ್ಟೆಂಟ್‌ಗಳಿಗೆ ಕೆಲಸ ಸಿಗೋದು ಒಂದು ಫೋನ್ ಕಾಲಿನಲ್ಲಿ. ಹುಡುಗ ಹೇಗೆ ಅಂತ ಕೇಳ್ತಾರೆ, ಆ ಕಡೆಯವರು ಒಂದು ವಾಕ್ಯ ಹೇಳ್ತಾರೆ. ಆ ವಾಕ್ಯ ಏನಾಗಿರಬೇಕು ಅನ್ನೋದನ್ನು ಬೇರೆಯವರಿಗೆ ಬಿಟ್ಟುಕೊಡಬೇಡಿ.

ಮತ್ತೆ ಆ ದೊಡ್ಡ ಗುರು. ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರ ವಿಷಯ ಹೇಳದೆ ಇರೋಕಾಗಲ್ಲ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು, 2008ರ ಸಾಲಿನದು. 1951ರ ಹಿಂದಿ ಚಿತ್ರ 'ಬಾಝಿ'ಯಲ್ಲಿ ಅವರು ವಿ. ರಾತ್ರಾ ಅವರ ಅಸಿಸ್ಟೆಂಟ್. ಒಂದು ಕಷ್ಟದ ಶಾಟನ್ನು ಹೀಗೆ ತೆಗೆಯಬಹುದು ಅಂತ ಸೂಚಿಸಿ, ತಾವೇ ಮಾಡಿ ತೋರಿಸಿದರು. ನಿರ್ದೇಶಕ ಗುರುದತ್ ನೋಡಿ ಮೆಚ್ಚಿದರು. ಮುಂದಿನ ಚಿತ್ರ 'ಜಾಲ್'ಗೆ ಮೂರ್ತಿಯವರೇ ಕ್ಯಾಮೆರಾಮನ್. ಇದನ್ನು ಎಲ್ಲರೂ ಅದೃಷ್ಟದ ಕಥೆ ಅಂತ ಹೇಳ್ತಾರೆ. ನನಗೆ ಹಾಗೆ ಕಾಣೋದಿಲ್ಲ. ಬೆಂಗಳೂರಿನ ಎಸ್‌ಜೆಪಿ ಪಾಲಿಟೆಕ್ನಿಕ್‌ನಲ್ಲಿ 1946ರಲ್ಲೇ ಸಿನಿಮಾಟೋಗ್ರಫಿ ಡಿಪ್ಲೊಮಾ ಮಾಡಿಕೊಂಡು ಹೋಗಿದ್ದವರು ಅವರು. ಕ್ಯಾಮೆರಾಮನ್ ಫಾಲಿ ಮಿಸ್ತ್ರಿಯವರ ಹತ್ತಿರವೂ ಕೆಲಸ ಮಾಡಿದ್ದರು. ಶಾಟ್ ಹೇಗೆ ತೆಗೆಯೋದು ಅನ್ನೋದು ತಲೆಯಲ್ಲಿತ್ತು, ಬಾಯಿ ಬಿಟ್ಟು ಹೇಳಿದರು. ಇನ್ನೊಂದು ಇದೆ. ಚಿತ್ರದ ಕ್ಯಾಮೆರಾಮನ್ ರಾತ್ರಾ. ತನ್ನ ಅಸಿಸ್ಟೆಂಟ್ ಆ ಶಾಟ್ ಮಾಡೋಕೆ ಅವರು ಅಡ್ಡ ಬರಲಿಲ್ಲ. ಎಷ್ಟು ಜನ ಹಾಗೆ ಬಿಟ್ಟುಕೊಡುತ್ತಾರೆ ಹೇಳಿ? ಗುರುದತ್ ಹೆಸರು ಎಲ್ಲರಿಗೂ ಗೊತ್ತು, ರಾತ್ರಾ ಹೆಸರು ಸಿನಿಮಾದವರಿಗೇ ಮರೆತುಹೋಗಿದೆ. ಹುಡುಕೋದಾದರೆ ಅಂಥವರನ್ನು ಹುಡುಕಿ.

ನಿಮ್ಮ ಸೆಟ್‌ನಲ್ಲಿ ಆ ಜಾಗದಲ್ಲಿ ಇರೋರು ಯಾರು? ಫೋಕಸ್ ಪುಲ್ಲರ್ ಇರಬಹುದು, ಲೈಟಿಂಗ್ ನೋಡಿಕೊಳ್ಳುವ ಗ್ಯಾಫರ್ ಇರಬಹುದು, ಕ್ಯಾಮೆರಾ ಜೊತೆ ಬರುವ ಅಟೆಂಡರ್ ಇರಬಹುದು. ಟೀ ಬ್ರೇಕಿನಲ್ಲಿ ದೊಡ್ಡವರ ಕುರ್ಚಿ ಸುತ್ತ ನಿಲ್ಲೋದು ಬಿಟ್ಟು ಅವರ ಪಕ್ಕ ಕೂತ್ಕೊಳ್ಳಿ. ಏನಾದರೂ ಕೆಟ್ಟರೆ ಕೆಟ್ಟ ಗಳಿಗೆಯಲ್ಲೇ ಹೇಳಿ. ಕಾರ್ಡ್ ಕಾಪಿ ಆಯ್ತೋ ಇಲ್ವೋ ಅನುಮಾನ ಇದ್ದರೆ ಫಾರ್ಮ್ಯಾಟ್ ಮಾಡಬೇಡಿ, ಕೂಗಿ ಹೇಳಿ, ಬೈಸಿಕೊಳ್ಳಿ. ಲೊಕೇಷನ್ ಬಿಡುವ ಮುಂಚೆ ಬೈಸಿಕೊಂಡರೆ ಅರ್ಧ ಗಂಟೆಯಲ್ಲಿ ಮುಗಿಯುತ್ತೆ.

ನಾನು ಕ್ಯಾಮೆರಾ ಬಿಟ್ಟು ತುಂಬಾ ವರ್ಷ ಆಯಿತು. ಈಗ ಬೆಂಗಳೂರಲ್ಲೇ ಡಿಐ ಮಾಡುತ್ತೇನೆ, ಕಲರ್ ನೋಡುವ ಕೆಲಸ. ಆ ಕೆಲಸದಲ್ಲಿ ಕೂತವನಿಗೆ ಸೆಟ್‌ನಲ್ಲಿದ್ದ ಅಸಿಸ್ಟೆಂಟ್ ಎಂಥವನು ಅನ್ನೋದು ಫುಟೇಜ್ ತೆರೆದ ತಕ್ಷಣ ಕಾಣುತ್ತದೆ. ಕ್ಯಾಮೆರಾ ರಿಪೋರ್ಟ್ ಇದೆಯಾ, ಲೆನ್ಸ್, ಫಿಲ್ಟರ್ ಬರೆದಿದ್ದಾನಾ, ಶಾಟ್ ಹಾಳಾಗಿದ್ದರೆ ಹಾಳಾಗಿದೆ ಅಂತ ಒಪ್ಪಿ ಬರೆದಿದ್ದಾನಾ ಅಂತ ನಾನು ಮೊದಲು ನೋಡ್ತೀನಿ. "ಟೇಕ್ ಮೂರು, ಫೋಕಸ್ ತಪ್ಪಿದೆ, ನನ್ನದೇ" ಅಂತ ಬರೆದಿದ್ದ ಒಬ್ಬ ಹುಡುಗನನ್ನು ಯಾರು ಅಂತ ವಿಚಾರಿಸಿ ಒಬ್ಬ ಕ್ಯಾಮೆರಾಮನ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ಈಗ ಅವನು ಅವರ ಹತ್ತಿರ ಅಸೋಸಿಯೇಟ್. ನಿಮ್ಮ ಮೂರನೇ ಸಿನಿಮಾ ಸಿಕ್ಕಾಗ ರಿಪೋರ್ಟ್ ಹಾಗೆ ಬರೆಯಿರಿ, ಹಾರ್ಡ್ ಡಿಸ್ಕ್ ಜೊತೆಗೇ ಕಳಿಸಿ, ಕೆಳಗೆ ನಿಮ್ಮ ಪೂರ್ತಿ ಹೆಸರು ಹಾಕಿ.