ಆಮೇಲೆ ಆ ಮಗು ಏನಾಯ್ತು?

ಪ್ರಶ್ನೆ: ಸಾಯ್ತಿರೋ ಮಗು ಮುಂದೆ ನಿಂತು ಫೋಟೋ ತೆಗಿಯೋಕೆ ಮನಸ್ಸಾದ್ರೂ ಹೇಗ್ ಬರುತ್ತೆ? ಕ್ಯಾಮೆರಾ ಕೆಳಗಿಟ್ಟು ಕಾಪಾಡ್ಬೇಕಲ್ವಾ? ಅದಕ್ಕೆ ಪ್ರಶಸ್ತಿ ಬೇರೆ!

ಉತ್ತರ: ಒಮೈರಾ ಸಾಂಚೆಸ್ ಫೋಟೋ ಮೊದಲ್ನೇ ಸಲ ನೋಡ್ದಾಗ ನಂಗೂ ಇದೇ ಸಿಟ್ಟು ಬಂದಿತ್ತು. 13 ವರ್ಷದ ಹುಡುಗಿ, ಕುತ್ತಿಗೆವರೆಗೂ ಕೆಸರುನೀರು, ಕಣ್ಣೆಲ್ಲಾ ಕಪ್ಪಾಗಿದೆ, ಕೈ ಬಿಳಚ್ಕೊಂಡಿದೆ. 1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದಲ್ಲಿ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಸಿಡಿದು, ಮೇಲಿದ್ದ ಹಿಮ ಕರಗಿ, ಕೆಸರು ಬಂದು ಅರ್ಮೆರೊ ಅನ್ನೋ ಊರನ್ನೇ ಮುಚ್ಚಿಬಿಡ್ತು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹೋದ್ರು. ಈ ಹುಡುಗಿ ಕುಸಿದ ಮನೆಯಡಿ ಕಾಲು ಸಿಕ್ಕಾಕೊಂಡು ಸುಮಾರು 60 ಗಂಟೆ ಜೀವ ಹಿಡ್ಕೊಂಡಿದ್ಲು. ನೀರೆತ್ತೋಕೆ ಬೇಕಾದ ಪಂಪ್ ಸಮಯಕ್ಕೆ ಬರ್ಲೇ ಇಲ್ಲ. ಫೋಟೋಗ್ರಾಫರ್ ಫ್ರಾಂಕ್ ಫೂರ್ನಿಯೆ ಕ್ಯಾಮೆರಾ ಬಿಸಾಕಿದ್ರೆ ಪಂಪ್ ಬಂದ್ಬಿಡ್ತಿತ್ತಾ? ಅವರು ಪಕ್ಕದಲ್ಲೇ ಇದ್ರು, ಸ್ಕೂಲಿಗೆ ಲೇಟಾಗುತ್ತೆ ಕರ್ಕೊಂಡ್ ಹೋಗಿ ಅಂತ ಅವಳು ಕೇಳಿದ್ದನ್ನ ಹೊರಗಡೆ ಹೇಳಿದ್ದೂ ಅವರೇ. ಅಪಾಯ ತೋರ್ಸೋ ನಕ್ಷೆ ಹಿಂದಿನ ತಿಂಗಳೇ ರೆಡಿ ಇತ್ತು, ಊರು ಮಾತ್ರ ಖಾಲಿ ಮಾಡಿಸಿರ್ಲಿಲ್ಲ. ಸಿಟ್ಟು ಅಲ್ಲಿಗೆ ಹೋಗ್ಬೇಕು ನೋಡಿ.

ಹಂಗಂತ ಎಲ್ಲಾರ್ಗೂ ಮಾಫಿ ಅಂತಲ್ಲ. ನಮ್ಮ ಕೈಯಲ್ಲೇ ಆಗೋ ಕೆಲ್ಸ ಇದ್ರೆ ಅದೇ ಮೊದ್ಲು. 1972ರಲ್ಲಿ ವಿಯೆಟ್ನಾಂನಲ್ಲಿ ನೇಪಾಮ್ ಅನ್ನೋ ಬೆಂಕಿ ಬಾಂಬ್‌ನಿಂದ ಸುಟ್ಟ ಹುಡುಗಿಯನ್ನ ಆಸ್ಪತ್ರೆಗೆ ಸೇರಿಸಿದ್ದು ಎಪಿ ಸುದ್ದಿಸಂಸ್ಥೆ ಫೋಟೋಗ್ರಾಫರ್ ನಿಕ್ ಉಟ್. 1993ರ ಸುಡಾನ್ ಫೋಟೋ, ಹಸಿದು ಕುಸಿದ ಮಗು ಹಿಂದೆ ರಣಹದ್ದು ಕೂತಿರೋದು, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಾಗ ಮಗು ಏನಾಯ್ತು ಅಂತ ಓದುಗರು ಕೇಳಿದ್ರು, ಮಗು ಎದ್ದು ನಡೆಯೋಷ್ಟು ಚೇತರಿಸ್ಕೊಂಡಿತ್ತು, ಊಟದ ಕೇಂದ್ರ ತಲುಪ್ತಾ ಗೊತ್ತಿಲ್ಲ ಅಂತ ಪೇಪರ್‌ನೋರು ಆಮೇಲೆ ಬರೀಬೇಕಾಯ್ತು. ನನ್ನ ತಕರಾರು ಆ 'ಗೊತ್ತಿಲ್ಲ' ಮೇಲೆ. ಎದುರಿಗೆ ನಿಂತು ನೋಡ್ದೋನಿಗೆ, ಅಚ್ಚು ಹಾಕಿದೋರಿಗೆ, ಮುಂದಿನ ಪ್ರಶ್ನೆಗೂ ಉತ್ತರ ಇರ್ಬೇಕು.

ಪ್ರಶ್ನೆ: ಮೊಬೈಲಲ್ಲಿ ವಿಡಿಯೋ ಮಾಡೋರೆಲ್ಲಾ ಸಾಕ್ಷಿನಾ?

ಉತ್ತರ: 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪುವರ್ಣೀಯ ಪೊಲೀಸನ ಮಂಡಿಯಡಿ ಸಿಕ್ಕಿ ಸತ್ತಾಗ ಪೊಲೀಸರ ಮೊದಲ ಹೇಳಿಕೆಯಲ್ಲಿ ಅದು ಬರೀ 'ವೈದ್ಯಕೀಯ ಘಟನೆ'. ಆ ಸುಳ್ಳು ಬಯಲಾಗಿದ್ದು ಫುಟ್‌ಪಾತ್ ಮೇಲೆ ನಿಂತಿದ್ದ 17 ವರ್ಷದ ಹುಡುಗಿ ಮೊಬೈಲಲ್ಲಿ ತೆಗೆದಿದ್ದರಿಂದ. ಮುಂದಿನ ವರ್ಷ ಕೋರ್ಟಲ್ಲಿ ನಿಂತು ತಾನು ಕಂಡಿದ್ದನ್ನ ಹೇಳಿದ್ಲು ಕೂಡ. ಸಾಕ್ಷಿ ಅಂದ್ರೆ ಅದು. ಎಲ್ಲಿಯದು, ಯಾವತ್ತಿಂದು ಗೊತ್ತಿಲ್ದೇ ಅಳೋ ಎಮೋಜಿ ಹಾಕಿ ಫಾರ್ವರ್ಡ್ ಮಾಡೋದು ಬೇರೆ ಕಥೆ (ನಾನೂ ಮಾಡಿದೀನಿ, ಬೈಬೇಡಿ).

ಪ್ರಶ್ನೆ: ಮುಖ ಬ್ಲರ್ ಮಾಡಿದ್ರೆ ಸಾಕಲ್ವಾ?

ಉತ್ತರ: ಸಾಲಲ್ಲ. ಬಟ್ಟೆ, ದನಿ, ಹಿಂದೆ ಕಾಣೋ ಬಾಗಿಲು, ಇಷ್ಟು ಸಾಕು ಗುರುತಿರೋರು ಹಿಡಿದುಬಿಡ್ತಾರೆ, ಬ್ಲರ್ ಆಗೋದು ಗುರುತೇ ಇಲ್ದೋರಿಗೆ ಮಾತ್ರ. ತೊಂದ್ರೆ ಕೊಡೋರು ಸಾಮಾನ್ಯವಾಗಿ ಗುರುತಿರೋರೇ. ದನಿ ಬದಲಿಸಿ, ಬಾಗಿಲು ಕ್ರಾಪ್ ಮಾಡಿ, ಹಾಕೋಕ್ ಮುಂಚೆ ವಿಡಿಯೋದಲ್ಲಿರೋರಿಗೇ ಒಂದ್ಸಲ ತೋರ್ಸಿ.