‘ಸೂಪರ್’ ನಮ್ಮಲ್ಲಿ ಯಾಕಿಲ್ಲ ಅಂದ್ರೆ...

ನಮಸ್ಕಾರ ಸಾರ್. ನಿಮ್ಮ ಪತ್ರಕ್ಕೆ ಉತ್ತರ ತಡ ಆಯ್ತು, ಬೇಜಾರಾಗ್ಬೇಡಿ. ಮೆಲ್ಬರ್ನ್‌ನಲ್ಲಿರೋ ನಿಮ್ಮ ಮಗನಿಗೆ ಕಂಪನಿಯವರು ಸಂಬಳದ ಮೇಲೆ 12% ‘ಸೂಪರ್’ ಅಂತ, ಅಂದ್ರೆ ನಿವೃತ್ತಿಗೆ ಕೂಡಿಡೋ ದುಡ್ಡು, ಕಟ್ತಾರೆ, ನಮ್ಮಲ್ಲೂ ಪಿಎಫ್ಫು, ಇಪಿಎಸ್ಸು (ಪಿಎಫ್ ಜೊತೆಗಿರೋ ಪೆನ್ಷನ್ ಯೋಜನೆ) ಅಂತ ತಲೆನೋವು ಬಿಟ್ಟು ಅವರವರ ದುಡ್ಡು ಅವರವರ ಖಾತೆಗೆ ಹಾಕಿದ್ರೆ ಮುಗೀತಲ್ಲ ಅಂತ ಬರೆದಿದೀರಿ.

ಮುಗಿಯಲ್ಲ ಸಾರ್. ಹಾಗೆ ಪೂರ್ತಿ ಖಾತೆ ನಂಬ್ಕೊಂಡಿದ್ದು ಚಿಲಿ, 1981ರಲ್ಲಿ, ಮಿಲಿಟರಿ ಸರ್ವಾಧಿಕಾರಿ ಪಿನೊಚೆ ಕಾಲದಲ್ಲಿ. ಸಂಬಳದಲ್ಲಿ 10% ನೌಕರನದ್ದು, ಮಾಲೀಕನದ್ದು ಸೊನ್ನೆ, ದುಡ್ಡು ನೋಡ್ಕೊಳ್ಳೋದು ಖಾಸಗಿ ಕಂಪನಿಗಳು. ಮಜಾ ಏನಂದ್ರೆ ಇದನ್ನ ತಂದ ಮಿಲಿಟರಿಯವರು ಮಾತ್ರ ತಮ್ಮ ಹಳೇ ಪೆನ್ಷನ್ನೇ ಇಟ್ಕೊಂಡ್ರು! ತಿಂಗಳು ತಪ್ಪದೆ ಸಂಬಳ ಬಂದವರಿಗೆ ಪರವಾಗಿಲ್ಲ, ಕೆಲಸ ಇದ್ದು ಇಲ್ಲದ ಹಾಗಿದ್ದವರಿಗೆ, ಮಕ್ಕಳಿಗೋಸ್ಕರ ಕೆಲಸ ಬಿಟ್ಟ ಹೆಂಗಸರಿಗೆ ಕೊನೆಗೆ ಸಿಕ್ಕಿದ್ದು ಚಿಲ್ಲರೆ. 2016ರಲ್ಲಿ ಜನ ಬೀದಿಗಿಳಿದ್ರು, ಕೋವಿಡ್ ಟೈಮಲ್ಲಿ ಮೂರು ಸಲ ಖಾತೆಯಿಂದ 10% ತೆಗೆಯೋಕೆ ಬಿಟ್ಟು ಎಷ್ಟೋ ಖಾತೆ ಬರಿದಾಯ್ತು, 2022ರಲ್ಲಿ ಹೆಚ್ಚಿನ ವಯಸ್ಸಾದವರಿಗೆ ಬೊಕ್ಕಸದಿಂದ್ಲೇ ಪೆನ್ಷನ್ ಕೊಡೋ ಹಾಗಾಯ್ತು, 2025ರಲ್ಲಿ ಮಾಲೀಕರೂ ಕಟ್ಟಿ ಅಂತ ಕಾನೂನು ಬಂತು.

ಅದೇ 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಏನಾಯ್ತು ನೆನಪಿದೆಯಾ? ಮಾಲೀಕರು ಕಟ್ಟಿದ ಪಿಎಫ್ 58 ವರ್ಷದ ತನಕ ಮುಟ್ಟೋ ಹಾಗಿಲ್ಲ ಅಂತ ಕೇಂದ್ರ ರೂಲ್ ಮಾಡಿತ್ತಲ್ಲ, ಗಾರ್ಮೆಂಟ್ಸ್ ಹೆಣ್ಮಕ್ಕಳು ಹೊಸೂರು ರೋಡೇ ಬಂದ್ ಮಾಡಿದ್ರು, ಸರ್ಕಾರ ಎರಡೇ ದಿನಕ್ಕೆ ರೂಲ್ ವಾಪಸ್ ತಗೊಳ್ತು. ಲೆಕ್ಕ ಹಾಕಿ: ಅವರಲ್ಲೊಬ್ಬಳಿಗೆ 12,000 ಬೇಸಿಕ್ ಅಂದ್ಕೊಂಡ್ರೆ ಅವಳ ಕೈಯಿಂದ 1,440, ಫ್ಯಾಕ್ಟರಿಯಿಂದ ಅಷ್ಟೇ, ಅದ್ರಲ್ಲಿ ಸುಮಾರು ಸಾವಿರ ಇಪಿಎಸ್‌ಗೆ ಹೋಗಿ ಖಾತೆಗೆ ಬೀಳೋದು 440. ಕೆಲಸ ಹೋದ ತಿಂಗಳು ಬಾಡಿಗೆ, ಕೈಸಾಲ, ಸ್ಕೂಲ್ ಫೀಸು ಎಲ್ಲಾ ಇದ್ರಲ್ಲೇ ಆಗ್ಬೇಕು, ಅವಳಿಗೆ 58ರ ಕಥೆ ಹೇಳಿದ್ರೆ ಕೇಳ್ತಾಳಾ?

ಆಸ್ಟ್ರೇಲಿಯಾದಲ್ಲಿ ದುಡ್ಡಿಗೆ 60ರ ತನಕ ಬೀಗ ಹಾಕೋಕೆ ಆಗಿರೋದು ಯಾಕಂದ್ರೆ ಅಲ್ಲಿ ಕೆಲಸ ಹೋದ್ರೆ ಸರ್ಕಾರದ ಭತ್ಯೆ ಇದೆ, ಸೂಪರ್ ಸಾಲದೇ ಹೋದ್ರೆ ವಯಸ್ಸಾದವರಿಗೆ ಬೇರೆ ಪೆನ್ಷನ್ ಇದೆ. ತಿಂಗಳಿಗೆ 450 ಡಾಲರ್ ಒಳಗೆ ದುಡಿಯೋರಿಗೆ ಸೂಪರ್ ಬೇಡ ಅನ್ನೋ ಮಿತಿಯನ್ನೂ 2022ರಲ್ಲಿ ತೆಗೆದ್ರು. ನಮ್ಮ ಇಪಿಎಸ್ಸಲ್ಲಿ ಕನಿಷ್ಠ ಪೆನ್ಷನ್ 2014ರಲ್ಲಿ 1,000 ರೂಪಾಯಿ ಮಾಡಿದ್ರಲ್ಲ, ನನ್ನ ಕೇಳಿದ್ರೆ ರಿಪೇರಿ ಶುರುವಾಗ್ಬೇಕಾದ್ದು ಅಲ್ಲಿಂದ, ಖಾತೆ ಆಮೇಲೆ.

ಇನ್ನು ಮಗನ ವಿಷಯ. ಟೆಂಪರರಿ ವೀಸಾದಲ್ಲಿದ್ರೆ, ದೇಶ ಬಿಟ್ಟು ವೀಸಾನೂ ಮುಗಿದ್ಮೇಲೆ ಸೂಪರ್ ದುಡ್ಡು ವಾಪಸ್ ಕೇಳ್ಬಹುದು, ಸಾಮಾನ್ಯವಾಗಿ 35% ಟ್ಯಾಕ್ಸ್ ಹಿಡೀತಾರೆ. ಪಿಆರ್ (ಅಲ್ಲೇ ಕಾಯಂ ಇರೋ ಅನುಮತಿ) ಆಗಿದ್ರೆ ಆ ದಾರಿ ಇಲ್ಲ, ವಯಸ್ಸಾಗೋ ತನಕ ಕಾಯ್ಬೇಕು. ಯಾವ ವೀಸಾ ಅಂತ ನೀವು ಬರೆದಿಲ್ಲ, ಅವನನ್ನೇ ಒಂದ್ಸಲ ಕೇಳಿ ನೋಡಿ.