ಗಾಳಕ್ಕೆ ಸಿಕ್ಕ ಆಮೆಯನ್ನು ಬಾವಿಗೆ ಬಿಡಬಹುದಾ?

ಪ್ರಶ್ನೆ: ನಮ್ಮೂರು ಕೂಡಲಿಯ ಹತ್ತಿರ. ಬೇಸಿಗೆಯಲ್ಲಿ ಹೊಳೆಗೆ ಗಾಳ ಹಾಕಿದಾಗ ದೊಡ್ಡ ಆಮೆಯೊಂದು ಸಿಕ್ಕಿತು. ಬೆನ್ನು ಚಪ್ಪಟೆ, ಅಂಚು ಚರ್ಮದ ಹಾಗೆ ಬಳುಕುತ್ತಿತ್ತು. ಬಾವಿಗೆ ಬಿಟ್ಟರೆ ನೀರು ಚೊಕ್ಕಟವಾಗಿರುತ್ತೆ ಅಂತ ಹಿರಿಯರು ಹೇಳಿದರು. ನಾವು ಹೊಳೆಗೇ ಬಿಟ್ಟೆವು. ಮಾಡಿದ್ದು ಸರೀನಾ? ಅದು ಯಾವ ಆಮೆ?

ಉತ್ತರ: ಹೊಳೆಗೇ ಬಿಟ್ಟಿರಲ್ಲ, ತುಂಬಾ ಒಳ್ಳೆಯದಾಯಿತು. ಮೆತ್ತನೆ ಚಿಪ್ಪಿನ ಆಮೆಗಳಲ್ಲಿ ನಮ್ಮ ಕಡೆ ಮುಖ್ಯವಾಗಿ ಎರಡು ಜಾತಿ. ಹೊಟ್ಟೆಯಡಿ ಹಿಂಗಾಲು ಮುಚ್ಚಿಕೊಳ್ಳುವ ಎರಡು ಚರ್ಮದ ಮಡಿಕೆ ಇದ್ದರೆ ಅದು ಕೆರೆ, ಗದ್ದೆಯಲ್ಲೂ ಸಿಗುವ ಚಿಕ್ಕ ಜಾತಿ. ಮಡಿಕೆ ಇಲ್ಲದೆ, ಹಸಿರು ಛಾಯೆಯ ತಲೆ ಮೇಲೆ ಕಪ್ಪು ಗೆರೆಗಳಿದ್ದರೆ ಅದು ಲೀತ್ ಆಮೆ ಇರಬಹುದು. ಇದರ ಚಿಪ್ಪೇ ಎರಡು ಅಡಿವರೆಗೆ ಬೆಳೆಯುತ್ತದೆ. ಮರಿಗಳ ಬೆನ್ನ ಮೇಲೆ ಕಣ್ಣಿನಂಥ ನಾಲ್ಕರಿಂದ ಆರು ಚುಕ್ಕೆ ಇರುತ್ತವೆ, ಬೆಳೆಯುತ್ತಾ ಮಾಸಿ ಹೋಗುತ್ತವೆ.

ಲೀತ್ ಆಮೆ ಭಾರತದ ಪರ್ಯಾಯ ದ್ವೀಪ ಭಾಗದ ನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಈಗ ಅದು ಅಳಿವಿನ ಅಂಚಿಗೆ ಬಂದು ನಿಂತಿದೆ. ಮಾಂಸಕ್ಕಾಗಿ ಹಿಡಿಯುತ್ತಾರೆ, ಕಳ್ಳಸಾಗಣೆಯೂ ಇದೆ. 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಭೆಯಲ್ಲಿ ಭಾರತವೇ ಪ್ರಸ್ತಾಪ ಮಂಡಿಸಿ, ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕಿಸಿತು.

ಮರಳೇ ಇದರ ಮನೆ. ಹೊಳೆಯ ತಳದ ಮರಳಲ್ಲಿ ಮೈ ಹೂತು, ಮೂತಿಯಷ್ಟೇ ಹೊರಗಿಟ್ಟು ಕಾಯುತ್ತದೆ. ಮೊಟ್ಟೆ ಇಡುವುದೂ ದಡದಲ್ಲೇ. ಆ ಮರಳು ಲಾರಿ ಹತ್ತಿದರೆ ಗೂಡೂ ಹೋಯಿತು, ಅಡಗುವ ಜಾಗವೂ ಹೋಯಿತು. ಅಣೆಕಟ್ಟಿನಿಂದ ದಿಢೀರ್ ನೀರು ಬಿಟ್ಟರೆ ಗೂಡು ಮುಳುಗುತ್ತದೆ. ಉಳಿದ ಮೊಟ್ಟೆಗೆ ನರಿ, ನಾಯಿ, ಉಡದ ಕಾಟ. ಮರಿಗಳಲ್ಲಿ ಬದುಕಿ ದೊಡ್ಡದಾಗುವುದು ಕೆಲವೇ ಕೆಲವು. ಅದಕ್ಕೇ ಬೆಳೆದ ಒಂದು ಹೆಣ್ಣಾಮೆ ಸತ್ತರೆ ನಷ್ಟ ತುಂಬಾ ಜಾಸ್ತಿ. ಎಷ್ಟೋ ವರ್ಷ ಮೊಟ್ಟೆ ಇಡಬೇಕಾದ ಜೀವ ಅದು.

ಬಾವಿಯಲ್ಲಿ ಮರಳಿಲ್ಲ, ಜೊತೆಯಿಲ್ಲ, ಹತ್ತಿ ಬರಲು ದಾರಿಯೂ ಇಲ್ಲ. ಎಷ್ಟು ವರ್ಷ ಬದುಕಿದರೂ ಒಂದು ಮರಿ ಹುಟ್ಟುವುದಿಲ್ಲ. ನೀರೂ ಚೊಕ್ಕಟವಾಗುವುದಿಲ್ಲ, ಅದರ ಹೇಲು ಉಚ್ಚೆಯೆಲ್ಲ ಅಲ್ಲೇ ಬೀಳುತ್ತದೆ ಅಲ್ವಾ? ಹಿರಿಯರಿಗೆ ಇದನ್ನು ಸಮಾಧಾನದಿಂದ ಹೇಳಿ. ಮೇಲಾಗಿ ಈ ಆಮೆಗಳನ್ನು ಹಿಡಿಯುವುದು, ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಇನ್ನೊಮ್ಮೆ ಸಿಕ್ಕರೆ ದಾರ ಹಿಡಿದು ಎಳೆಯಬೇಡಿ. ಗಾಳ ಗಂಟಲಿಗೆ ಇಳಿದಿದ್ದರೆ ಒಳಗೆಲ್ಲ ಹರಿಯುತ್ತದೆ. ಒಂದು ಗೇಣು ದಾರ ಹೊರಗೆ ಬಿಟ್ಟು ಕತ್ತರಿಸಿ, ಪಶುವೈದ್ಯರಿಗೆ ಗಾಳ ತೆಗೆಯಲು ಅದು ಬೇಕು. ಇದರ ಕುತ್ತಿಗೆ ಉದ್ದ, ಹಿಂದಕ್ಕೂ ತಿರುಗಿ ಜೋರಾಗಿ ಕಚ್ಚುತ್ತದೆ. ತಲೆ ಮೇಲೆ ಒದ್ದೆ ಗೋಣಿಚೀಲ ಹಾಕಿ, ಚಿಪ್ಪಿನ ಹಿಂಭಾಗ ಹಿಡಿದು ಎತ್ತಿ. ನೆರಳಲ್ಲಿ ಅಗಲದ ಟಬ್ಬಿನಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಫೋಟೋ ತೆಗೆದರೂ ಜಾಗದ ಹೆಸರು ಹಾಕಿ ವಾಟ್ಸಾಪ್‌ಗೆ ಬಿಡಬೇಡಿ, ಹಿಡಿಯುವವರಿಗೆ ದಾರಿ ತೋರಿಸಿದಂತಾಗುತ್ತದೆ.

ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನು ಅಂತ ತುಂಗೆಯ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮೂರಲ್ಲೂ ಒಂದು ಮರಳು ದಡವನ್ನು ಹಾಗೇ ಬಿಡೋಣ ಅಂತ ಗ್ರಾಮಸಭೆಯಲ್ಲಿ ಕೇಳಿ ನೋಡಿ. ಅಲ್ಲಿ ಗಾಳವೂ ಬೇಡ, ಟ್ರ್ಯಾಕ್ಟರೂ ಬೇಡ.